ಹೊಸ ಸ್ಲೇಟು ಮತ್ತು ಅದರ ಮೊದಲ ವಿಮರ್ಶಕರು

ಈ ಪುಟಗಳಲ್ಲಿ ಸಾಮಾನ್ಯವಾಗಿ ಕಥೆ, ಕವಿತೆ, ನಾಟಕ, ಯಕ್ಷಗಾನಗಳ ವಿಮರ್ಶೆ ಬರುತ್ತದೆ. ಈ ಸಲ ನಾವು ಎತ್ತಿಕೊಂಡಿರುವುದು ಬೇರೊಂದು ಬಗೆಯ ಬರಹವನ್ನು. ಹೊಸತೊಂದು ಟ್ಯಾಬ್ಲೆಟ್ ಕಂಪ್ಯೂಟರು ಪೇಟೆಗೆ ಬಂದ ಕೂಡಲೇ ಅದನ್ನು ಮೊದಲು ಕೈಗೆ ತೆಗೆದುಕೊಂಡವರು ಬರೆಯುವ, ಹೇಳುವ ಅಭಿಪ್ರಾಯಗಳು ನಮ್ಮ ವಿಷಯ. ಇದನ್ನೂ ವಿಮರ್ಶೆ ಎಂದು ಕರೆದರೆ ಸಾಹಿತ್ಯದ ಮಂದಿ ಹುಬ್ಬು ಗಂಟಿಕ್ಕಬಹುದು. ಆದರೆ ನಮ್ಮ ಸದಸ್ಯರ ಮನೆಗಳಲ್ಲಿ ಕಾದಂಬರಿಯ ವಿಮರ್ಶೆ ಓದಿ ಕಾದಂಬರಿ ಕೊಂಡವರಿಗಿಂತ ಯಂತ್ರದ ವಿಮರ್ಶೆ ಕೇಳಿ ಯಂತ್ರ ಕೊಂಡವರೇ ಹೆಚ್ಚು. ಅಷ್ಟು ಪ್ರಭಾವವುಳ್ಳ ಬರಹವನ್ನು ಯಾರೂ ವಿಮರ್ಶಿಸದೆ ಬಿಡುವುದು ಸರಿಯಲ್ಲವೆಂದು ನಮಗೆ ತೋರಿತು.

ಈ ಯೋಚನೆ ನಮ್ಮ ತಲೆಯನ್ನು ಹೊಕ್ಕದ್ದು 2012ರ ಗಣೇಶ ಚೌತಿಯ ಮರುದಿನ, ದಾದರ್ ಪೂರ್ವದ ಹಿಂದೂ ಕಾಲನಿಯಲ್ಲಿರುವ ಸ್ನೇಹಿತರೊಬ್ಬರ ಮನೆಯಲ್ಲಿ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಆ ಸ್ನೇಹಿತರು ಸ್ಟೇಶನ್ ಬಳಿಯ ಅಂಗಡಿಯಿಂದ ಅಗ್ಗದ ಟ್ಯಾಬ್ಲೆಟ್ ಒಂದನ್ನು ತಂದಿದ್ದರು. ತಯಾರಕರ ಹೆಸರು ಇಲ್ಲಿ ಬೇಡ; ಆ ಹೆಸರನ್ನು ನಾವು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮೋದಕದ ತಟ್ಟೆಯ ಜೊತೆ ಅದೂ ಕೈಯಿಂದ ಕೈಗೆ ಹೋಯಿತು. ಒಬ್ಬರು ತೂಕ ನೋಡಿದರು, ಒಬ್ಬರು ಬೆಲೆ ಕೇಳಿದರು, ಇನ್ನೊಬ್ಬರು ಕ್ರಿಕೆಟ್ಟಿನ ಸ್ಕೋರು ಬರುತ್ತದೆಯೇ ಎಂದು ಪರೀಕ್ಷಿಸಿದರು. ಪಕ್ಕದ ಮನೆಯ ಮರಾಠಿ ಕಾಕೂ ತಮ್ಮ ಮಗ ಪುಣೆಯಿಂದ ಕಳುಹಿಸಿದ್ದ ಪತ್ರವನ್ನು ಅದರಲ್ಲಿ ತೆರೆಸಿಕೊಂಡು ಕನ್ನಡಕ ಏರಿಸಿ ಓದಿಯೇಬಿಟ್ಟರು. ಅಕ್ಷರ ಅಲ್ಲಲ್ಲಿ ಮುಗ್ಗರಿಸುತ್ತಿತ್ತು, ಆದರೂ ಓದಿದರು.

ಆಗ ಸ್ನೇಹಿತರ ತಾಯಿ, ಎಂಬತ್ತು ದಾಟಿದವರು, ಊರಿನಲ್ಲಿ ನಡೆಯಲಿದ್ದ ಗೃಹಪ್ರವೇಶದ ಆಮಂತ್ರಣವನ್ನು ತಮಗೂ ತೋರಿಸಬೇಕೆಂದರು. ಅಣ್ಣನ ಮಗ ಉಡುಪಿಯಿಂದ ಅಚ್ಚಗನ್ನಡದಲ್ಲಿ ಟೈಪು ಮಾಡಿ ಕಳುಹಿಸಿದ್ದ ಈ-ಮೇಲು ಅದು. ತೆರೆದರೆ ಪರದೆಯ ತುಂಬ ಚೌಕಗಳು. ಸಾಲು ಸಾಲಾಗಿ ಖಾಲಿ ಚೌಕ, ಮನೆಯ ಕಿಟಕಿಗಳಿಗೆ ಸರಳು ಹಾಕಿಸಲು ಮರೆತಂತೆ. ನಡುವೆ ತಾರೀಕಿನ ಅಂಕೆಗಳು ಮಾತ್ರ ಸರಿಯಾಗಿದ್ದವು.

“ಇದರಲ್ಲಿ ಮರಾಠಿ ಉಂಟು, ಇಂಗ್ಲಿಷು ಉಂಟು. ನಮ್ಮದು ಎಲ್ಲಿ ಹೋಯಿತು ಮಗಾ?” ಎಂದು ಅವರು ಕೇಳಿದರು. ಕೋಪದಿಂದಲ್ಲ, ಕಪಾಟಿನಲ್ಲಿ ಇಟ್ಟ ಸಾಮಾನು ಕಾಣದಿದ್ದಾಗ ಕೇಳುವ ಹಾಗೆ. ಮಗನ ಬಳಿ ಉತ್ತರವಿರಲಿಲ್ಲ. ಅಷ್ಟು ಹೊತ್ತು ಅಭಿಪ್ರಾಯ ಕೊಟ್ಟ ನಮ್ಮ ಬಳಿಯೂ ಇರಲಿಲ್ಲ. ಯಂತ್ರವನ್ನು ಮುಟ್ಟಿ ನೋಡಿದ ಏಳೆಂಟು ಮಂದಿ ಕನ್ನಡಿಗರಲ್ಲಿ ಅದರ ನಿಜವಾದ ದೋಷವನ್ನು ಕಂಡುಹಿಡಿದವರು ಆ ಮುದುಕಿ ಒಬ್ಬರೇ. ಅವರ ಅಭಿಪ್ರಾಯ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ.

ಮೊದಲ ಅಭಿಪ್ರಾಯಗಳು ಹೇಗಿರುತ್ತವೆ ಎಂಬುದಕ್ಕೆ ಐಪ್ಯಾಡಿನ ಉದಾಹರಣೆ ಎಲ್ಲರಿಗೂ ಗೊತ್ತು. 2010ರ ಜನವರಿ 27ರಂದು ಆಪಲ್ ಕಂಪನಿ ಅದನ್ನು ತೋರಿಸಿದಾಗ ಇದು ದೊಡ್ಡದಾದ ಫೋನು ಅಷ್ಟೇ, ಕ್ಯಾಮೆರಾ ಇಲ್ಲ, ಒಂದೇ ಸಲ ಎರಡು ಕೆಲಸ ಮಾಡಲು ಬರುವುದಿಲ್ಲ, ಹೆಸರೇ ನಗೆಪಾಟಲು ಎಂದೆಲ್ಲ ಬರೆದರು. ಏಪ್ರಿಲಿನಲ್ಲಿ ಮಾರಾಟ ಆರಂಭವಾದಾಗ ಜನ ಸಾಲುಗಟ್ಟಿ ಕೊಂಡರು. ಭಾರತದ ಪೇಟೆಗೆ ಅದು 2011ರ ಜನವರಿಯಲ್ಲಿ ಬಂತು. ಹೀಗೆ ಮೊದಲ ವಿಮರ್ಶಕರು ಎಡವಿದರು ಎಂದು ಈಗ ನಗುವುದು ಸುಲಭ. ನಾವು ನಗುವುದಿಲ್ಲ, ಏಕೆಂದರೆ ಅವರು ಹೇಳಿದ್ದರಲ್ಲಿ ಸುಳ್ಳು ಬಹಳವಿರಲಿಲ್ಲ. ಕ್ಯಾಮೆರಾ ನಿಜವಾಗಿಯೂ ಇರಲಿಲ್ಲ. ಮುಂದಿನ ವರ್ಷದ ಮಾದರಿಗೆ ಹಾಕಿದರು. ಗದ್ದಲ ಮಾಡಿದ್ದರಿಂದ ಗದ್ದಲ ಮಾಡಿದವರಿಗೆ ಬೇಕಾದದ್ದು ಸಿಕ್ಕಿತು. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ನಮಗೆ ಹೆಚ್ಚು ಹತ್ತಿರದ್ದು ‘ಆಕಾಶ್’ನ ಕಥೆ. 2010ರ ಜುಲೈಯಲ್ಲಿ ಕೇಂದ್ರ ಮಂತ್ರಿ ಕಪಿಲ್ ಸಿಬಲ್ ಅವರು 35 ಡಾಲರಿನ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 1,500 ರೂಪಾಯಿಯ ಕಂಪ್ಯೂಟರಿನ ಮಾದರಿಯನ್ನು ತೋರಿಸಿದರು. 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಡೇಟಾವಿಂಡ್ ಕಂಪನಿ ತಯಾರಿಸಿದ ‘ಆಕಾಶ್’ ವಿದ್ಯಾರ್ಥಿಗಳ ಕೈಗೆ ಬಂತು. 7 ಅಂಗುಲದ ಪರದೆ, 366 ಮೆಗಾಹರ್ಟ್ಸ್ ವೇಗದ ಸಂಸ್ಕಾರಕ, 256 ಮೆಗಾಬೈಟ್ ನೆನಪು. ಸರಕಾರಕ್ಕೆ ಬಿದ್ದ ಬೆಲೆ ಒಂದಕ್ಕೆ 2,200 ರೂಪಾಯಿಯ ಮೇಲೆ ಸ್ವಲ್ಪ. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂದು ವಿದೇಶದ ಪತ್ರಿಕೆಗಳೂ ಬರೆದವು.

ಬಳಸಿದವರ ಮಾತು ಅಷ್ಟು ಸಿಹಿಯಾಗಿರಲಿಲ್ಲ. ಬೆರಳು ತಾಗಿಸಿದರೆ ಸಾಲದು, ಉಗುರಿನಿಂದ ಒತ್ತಬೇಕು ಎಂದರು. ಇದು ಹಟಮಾರಿತನದ ದೂರಲ್ಲ. ಆ ಪರದೆಯಲ್ಲಿ ಎರಡು ತೆಳು ಪದರಗಳಿದ್ದು ಒತ್ತಡದಿಂದ ಒಂದಕ್ಕೊಂದು ತಾಗಿದರೆ ಮಾತ್ರ ಯಂತ್ರಕ್ಕೆ ಗೊತ್ತಾಗುತ್ತದೆ. ದುಬಾರಿ ಯಂತ್ರಗಳ ಪರದೆಯಾದರೋ ಬೆರಳಿನಲ್ಲಿರುವ ವಿದ್ಯುತ್ತಿನ ಗುಣವನ್ನೇ ಗ್ರಹಿಸುವುದರಿಂದ ಅಲ್ಲಿ ಸವರಿದರೆ ಸಾಕು. ಬ್ಯಾಟರಿ ಎರಡು ಮೂರು ಗಂಟೆಗೆ ಮುಗಿಯುತ್ತದೆ, ಯಂತ್ರ ಬಿಸಿಯಾಗುತ್ತದೆ, ಬಹಳ ನಿಧಾನ ಎಂಬ ದೂರುಗಳೂ ಬಂದವು. ಪರೀಕ್ಷೆಯ ಹೊಣೆ ಹೊತ್ತಿದ್ದ ರಾಜಸ್ಥಾನದ ಐಐಟಿಗೂ ಕಂಪನಿಗೂ ಜಗಳ ಹತ್ತಿತು. ಗಂಟೆಗೆ 4 ಅಂಗುಲ ಮಳೆ ಸುರಿದರೂ ಯಂತ್ರ ತಾಳಬೇಕೆಂದು ಕೇಳುತ್ತಾರೆ, ಇದು ಮಿಲಿಟರಿ ಸಾಮಾನಿಗೆ ಹಾಕುವ ಷರತ್ತು ಎಂದು ತಯಾರಕರು ಆಗ ದೂರಿದ್ದರು. ಮರುಭೂಮಿಯ ರಾಜ್ಯದವರಿಗೆ ಮಳೆಯ ಚಿಂತೆ ಏಕೆ ಬಂತೋ. ನಮ್ಮ ದಾದರಿನ ಹಿಂದಮಾತಾ ಚೌಕದಲ್ಲಿ ಜುಲೈ ತಿಂಗಳು ಸೊಂಟದ ನೀರಲ್ಲಿ ನಡೆದು ಶಾಲೆಯಿಂದ ಮಕ್ಕಳನ್ನು ಕರೆತಂದವರು ಮಾತ್ರ ಆ ಷರತ್ತನ್ನು ಅಷ್ಟು ಬೇಗ ಅಲ್ಲಗಳೆಯಲಾರರು.

ದೂರುಗಳಿಗೆ ಫಲ ಸಿಕ್ಕಿತು. 2012ರಲ್ಲಿ ಯೋಜನೆ ಮುಂಬಯಿಗೆ, ಪೊವಾಯಿಯ ಐಐಟಿಗೆ ಬಂತು. ಪ್ರಾಧ್ಯಾಪಕ ದೀಪಕ್ ಫಾಟಕ್ ಅವರು ಅದರ ಮುಂದಾಳಾದರು. ಅದೇ ವರ್ಷದ ನವೆಂಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು ‘ಆಕಾಶ್ 2’ನ್ನು ಬಿಡುಗಡೆ ಮಾಡಿದರು. ಪರದೆ ಬದಲಾಗಿತ್ತು, ಸವರಿದರೆ ಸಾಕು. ವೇಗ 1 ಗಿಗಾಹರ್ಟ್ಸ್, ನೆನಪು ಇಮ್ಮಡಿ, ವಿದ್ಯಾರ್ಥಿಗಳಿಗೆ ರಿಯಾಯಿತಿಯ ಬೆಲೆ 1,130 ರೂಪಾಯಿ. ಒಂದು ವರ್ಷದ ಹಿಂದೆ ಬೈದವರ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಿದ್ದಿದ ಹಾಗಿತ್ತು. ಮುಂದೆ ಯೋಜನೆ ಮುಗ್ಗರಿಸಿ ನಿಂತದ್ದು ಬೇರೆ ಮಾತು.

ಈಗ ಆ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಪರದೆ, ಬ್ಯಾಟರಿ, ಬಿಸಿ, ವೇಗ, ಬೆಲೆ. ಹಳ್ಳಿಯ ವಿದ್ಯಾರ್ಥಿಗೆಂದು ಮಾಡಿದ ಯಂತ್ರ ಹಳ್ಳಿಯ ವಿದ್ಯಾರ್ಥಿಯ ಭಾಷೆಯನ್ನು ತೋರಿಸುತ್ತದೆಯೇ ಎಂಬ ಪ್ರಶ್ನೆ, ನಾವು ಆಗ ಓದಿದ ಇಂಗ್ಲಿಷ್ ವಿಮರ್ಶೆಗಳಲ್ಲಿ ಒಂದರಲ್ಲೂ ಕಾಣಲಿಲ್ಲ. ಆ ಯಂತ್ರಗಳೆಲ್ಲ ನಡೆಯುತ್ತಿದ್ದುದು ಗೂಗಲ್‌ನ ಆಂಡ್ರಾಯ್ಡ್ ವ್ಯವಸ್ಥೆಯ ಮೇಲೆ. ಅದರ 2.2ನೆಯ ಆವೃತ್ತಿಗೆ, ಅಂದರೆ ಮೊದಲ ‘ಆಕಾಶ್’ನಲ್ಲಿದ್ದದ್ದಕ್ಕೆ, ಭಾರತದ ಲಿಪಿಗಳ ಪರಿಚಯವೇ ಇರಲಿಲ್ಲ. 4.0ದಲ್ಲಿ ದೇವನಾಗರಿ ಬಂತು. ಕನ್ನಡ ಬಂದದ್ದು 4.1ರಲ್ಲಿ, 2012ರ ಮಧ್ಯದಲ್ಲಿ. ‘ಆಕಾಶ್ 2’ನಲ್ಲಿ ಇದ್ದದ್ದು 4.0. ನಮ್ಮ ಸ್ನೇಹಿತರ ಮನೆಯ ಅಗ್ಗದ ಟ್ಯಾಬ್ಲೆಟ್ಟಿನಲ್ಲೂ ಅದೇ. ಕಾಕೂಗೆ ಪತ್ರ ಸಿಕ್ಕಿ ನಮ್ಮ ಅಮ್ಮನಿಗೆ ಚೌಕ ಸಿಕ್ಕಿದ ರಹಸ್ಯ ಇಷ್ಟೇ. ಒಂದೇ ಮಹಡಿಯ ಎರಡು ಮನೆಗಳ ನಡುವೆ ಒಂದು ಆವೃತ್ತಿಯ ಅಂತರ.

ಕನ್ನಡವನ್ನು ತೋರಿಸುವುದು ಅಷ್ಟು ಕಷ್ಟವೇ ಎಂದು ಕೇಳುವವರಿಗೆ ಎರಡು ಮಾತು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಒಪ್ಪಂದದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ 128 ಸ್ಥಾನಗಳ ಜಾಗ ಸಿಕ್ಕಿತ್ತು. ಆದರೆ ಸಂಖ್ಯೆ ಇದ್ದರೆ ಸಾಲದು. ಮೊದಲು ಆ ಸಂಖ್ಯೆಗೆ ತಕ್ಕ ಅಕ್ಷರದ ಚಿತ್ರ ಯಂತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಚೌಕ ಕಾಣುತ್ತದೆ. ಚಿತ್ರ ಇದ್ದರೂ ಅವುಗಳನ್ನು ಜೋಡಿಸುವ ಬುದ್ಧಿ ಬೇಕು. ‘ರಾಷ್ಟ್ರ’ ಎಂದು ಬರೆಯುವಾಗ ‘ಷ’ದ ಕೆಳಗೆ ‘ಟ’ದ ಒತ್ತು, ಅದರ ಪಕ್ಕದಲ್ಲಿ ‘ರ’ದ ಒತ್ತು ಕೂರಬೇಕಲ್ಲವೇ? ಇಂಗ್ಲಿಷಿನ ಹಾಗೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುವ ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಕಷ್ಟವಿದೆ, ಆದರೆ ಪರಿಹಾರವಿಲ್ಲದ ಕಷ್ಟವಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಶೇಷಾದ್ರಿವಾಸು ಅವರ ‘ಬರಹ’ 1998ರಿಂದಲೇ ಇತ್ತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಇತ್ತು. ಕನ್ನಡಕ್ಕೆ ತಕ್ಕ ಕೀಲಿಮಣೆಯ ವಿನ್ಯಾಸ ಮಾಡಿದ ಕೆ. ಪಿ. ರಾವ್ ಅವರಂತೂ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಅವರ ವಿನ್ಯಾಸವನ್ನೇ ಕರ್ನಾಟಕ ಸರಕಾರ ಶಿಷ್ಟವೆಂದು ಒಪ್ಪಿತು. ವ್ಯಂಜನ ಒತ್ತಿ ಸ್ವರ ಒತ್ತಿದರೆ ಗುಣಿತಾಕ್ಷರವನ್ನು ಯಂತ್ರವೇ ಕಟ್ಟಿಕೊಡಬೇಕೆಂಬ ಆ ಸರಳ ಯೋಚನೆ ಕೊಲಾಬಾದಿಂದ ದಾದರಿಗೆ ಬರಲು ಇಷ್ಟು ಸುತ್ತು ಬಳಸಬೇಕಾಯಿತಲ್ಲ ಎಂಬುದು ನಮ್ಮ ಕೊರಗು.

ಭಾಷೆಯ ಪ್ರಶ್ನೆಯನ್ನೇ ಮೊದಲಿಗೆ ಕೇಳಿಕೊಂಡು ಮಾಡಿದ ಯಂತ್ರವೂ ಒಂದಿತ್ತು. ಬೆಂಗಳೂರಿನ ‘ಸಿಂಪ್ಯೂಟರ್’ ಅನ್ನು ಎಷ್ಟು ಮಂದಿ ನೆನಪಿಟ್ಟಿದ್ದಾರೋ ತಿಳಿಯದು. ಭಾರತೀಯ ವಿಜ್ಞಾನ ಮಂದಿರದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ ಅದನ್ನು ರೂಪಿಸಿ 2001ರಲ್ಲಿ ತೋರಿಸಿದರು. ಅಂಗೈಯಗಲದ ಹಲಗೆ, ಕಡ್ಡಿಯಿಂದ ಬರೆಯುವುದು. ಹೆಸರಿನಲ್ಲೇ ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ಪ್ರತಿಜ್ಞೆಗಳು ಅಡಗಿದ್ದವು. ಓದು ಬಾರದವರಿಗೆ ಯಂತ್ರವೇ ಗಟ್ಟಿಯಾಗಿ ಓದಿ ಹೇಳಬೇಕೆಂದು ‘ಧ್ವನಿ’ ಎಂಬ ತಂತ್ರಾಂಶ ಮಾಡಿ ಅದಕ್ಕೆ ಕನ್ನಡವನ್ನೂ ಕಲಿಸಿದರು. ಒಂದು ಯಂತ್ರವನ್ನು ಊರಿನವರೆಲ್ಲ ಹಂಚಿಕೊಂಡು ಬಳಸಲಿ, ತಂತಮ್ಮ ಮಾಹಿತಿಯನ್ನು ಒಂದು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಎಂಬುದು ಇನ್ನೊಂದು ಯೋಚನೆ. ಆ ವರ್ಷದ ಕಂಪ್ಯೂಟರ್ ಆವಿಷ್ಕಾರಗಳಲ್ಲಿ ಇದೇ ಅತಿ ಮಹತ್ವದ್ದೆಂದು ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು.

2004ರ ಮಾರ್ಚಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ ಸಿಂಪ್ಯೂಟರ್’ ಅಂಗಡಿಗೆ ಬಂತು. ಬೆಲೆ ಸುಮಾರು 10,000 ರೂಪಾಯಿಯಿಂದ ಮೇಲಕ್ಕೆ. ಯಂತ್ರವನ್ನು ವಾಲಿಸಿದರೆ ಪುಟ ತಿರುಗುತ್ತಿತ್ತು. ಇದೇ ಚಮತ್ಕಾರವನ್ನು ಐಫೋನಿನಲ್ಲಿ ಕಂಡು ಜಗತ್ತು ಬೆರಗಾದದ್ದು 2007ರಲ್ಲಿ. ಆದರೆ ಬೆಂಗಳೂರಿನ ಯಂತ್ರದ ಮೊದಲ ಬಳಕೆದಾರರು ಹೇಳಿದ್ದೇನು? ಹಳ್ಳಿಯವರಿಗೆ ಇದು ದುಬಾರಿ, ಪಟ್ಟಣದವರಿಗೆ ಇದು ಸಾಲದು. ಅದೇ ಹೊತ್ತಿಗೆ ಅಗ್ಗದ ಮೊಬೈಲು ಫೋನು ಎಲ್ಲರ ಜೇಬಿಗೆ ಬರುತ್ತಿತ್ತು. ಅಭಿಪ್ರಾಯ ಸುಳ್ಳಲ್ಲ. ಆದರೂ ಕನ್ನಡ ಓದಿ ಹೇಳುವ ಯಂತ್ರ ಎಂಬ ಒಂದು ಗುಣವನ್ನು ತಕ್ಕಡಿಯ ತಟ್ಟೆಗೆ ಹಾಕಿ ತೂಗಿದವರು ಎಷ್ಟು ಜನ? ಹೋಲಿಕೆಗೆ ಎಲ್ಲರೂ ಇಟ್ಟುಕೊಂಡದ್ದು ಪರದೇಶದ ಯಂತ್ರಗಳನ್ನೇ. ಸಿಂಪ್ಯೂಟರ್ ವ್ಯಾಪಾರದಲ್ಲಿ ಸೋತಿತು, ಅದರೊಂದಿಗೆ ಆ ಪ್ರಶ್ನೆಯೂ ಮೂಲೆಗೆ ಸೇರಿತು. ಏಳು ವರ್ಷ ಬಿಟ್ಟು ‘ಆಕಾಶ್’ ಬಂದಾಗ ಹಳೆಯ ಪಾಠ ಯಾರಿಗೂ ನೆನಪಿರಲಿಲ್ಲ. ಸಿಂಪ್ಯೂಟರನ್ನು ಬೆಲೆಯ ಕಾರಣಕ್ಕೆ ತಳ್ಳಿದವರನ್ನು ನಾವು ಕ್ಷಮಿಸಬಲ್ಲೆವು. ‘ಆಕಾಶ್’ನ ಭಾಷೆಯನ್ನು ಕೇಳದೆ ಬಿಟ್ಟವರನ್ನು ಕ್ಷಮಿಸುವುದು ಕಷ್ಟವಾಗುತ್ತದೆ.

ಇಷ್ಟು ಬರೆದ ಮೇಲೆ ನಮ್ಮ ಕಡೆಗೂ ಒಂದು ಬೆರಳು ತಿರುಗಿಸಬೇಕು. ಇಂಗ್ಲಿಷ್ ಪತ್ರಿಕೆಯವರು ಕನ್ನಡವನ್ನು ಮರೆತರೆಂದು ದೂರುವ ನಾವು, ಮುಂಬಯಿಯ ಕನ್ನಡ ಸಂಘಗಳವರು, ಆಗ ಏನು ಮಾಡುತ್ತಿದ್ದೆವು? ಆ ವರ್ಷಗಳಲ್ಲಿ ನಾವು ಕುಳಿತ ಸಭೆಗಳಲ್ಲಿ ಮಕ್ಕಳು ಕನ್ನಡ ಓದುವುದಿಲ್ಲವೆಂಬ ಭಾಷಣ ತಪ್ಪದೆ ಆಗುತ್ತಿತ್ತು. ಭಾಷಣ ಮಾಡಿದವರಲ್ಲಿ ನಾವೂ ಇದ್ದೆವು. ತಿಂಡಿಯ ಹೊತ್ತಿಗೆ ಯಾರೋ ಹೊಸ ಟ್ಯಾಬ್ಲೆಟ್ ತೆಗೆದರೆ ಎಲ್ಲರೂ ಮುತ್ತಿಕೊಂಡು ಬೆಲೆ ಕೇಳುತ್ತಿದ್ದೆವು. ಭಾಷಣಕ್ಕೂ ಟ್ಯಾಬ್ಲೆಟ್ಟಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಪೊವಾಯಿ ದಾದರಿನಿಂದ ಎಷ್ಟು ದೂರ? ಒಂದು ಬಸ್ಸು, ಹೆಚ್ಚೆಂದರೆ ಒಂದು ರೈಲು ಮತ್ತು ಒಂದು ರಿಕ್ಷಾ. ನಮ್ಮ ಯಂತ್ರದಲ್ಲಿ ಕನ್ನಡ ಏಕಿಲ್ಲ ಎಂದು ಅಲ್ಲಿಗೆ ಒಂದು ಪತ್ರ ಬರೆಯಲು ನಮ್ಮಿಂದ ಆಗಲಿಲ್ಲ. ಅದೇ ಐಐಟಿಯವರು ಕಂಪ್ಯೂಟರ್ ಕಲಿಸುವ ತಮ್ಮ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳಿಗೆ ಕನ್ನಡದ ಧ್ವನಿ ಕೊಡಿಸಿದ್ದಾರೆ ಎಂಬುದನ್ನು ತಿಳಿದಾಗ ನಮಗೆ ನಾಚಿಕೆಯೇ ಆಯಿತು. ಕೇಳಿದ್ದರೆ ಕಿವಿಗೊಡುವವರು ಅಲ್ಲಿ ಇದ್ದರು.

ಸುಮ್ಮನಿರದೆ ಏನಾದರೂ ಮಾಡಿದವರು ಸಾಮಾನ್ಯ ಬಳಕೆದಾರರು. ಆ ದಿನಗಳಲ್ಲಿ ಒಪೆರಾ ಮಿನಿ ಎಂಬ ಸಣ್ಣ ಜಾಲವೀಕ್ಷಕ ತಂತ್ರಾಂಶದಲ್ಲಿ ಅಡಗಿಕೊಂಡಿದ್ದ ಒಂದು ಆಯ್ಕೆಯನ್ನು ಬದಲಿಸಿದರೆ ಕನ್ನಡ ಅಕ್ಷರಗಳು ಚಿತ್ರಗಳಾಗಿ ಬಂದು ಪರದೆಯ ಮೇಲೆ ಕಾಣುತ್ತಿದ್ದವು. ದೂರದ ಯಂತ್ರವೊಂದು ನಮ್ಮ ಪರವಾಗಿ ಅಕ್ಷರ ಜೋಡಿಸಿ ಚಿತ್ರ ತೆಗೆದು ಕಳುಹಿಸುವ ಉಪಾಯ. ಇದನ್ನು ನಮಗೆ ಹೇಳಿಕೊಟ್ಟದ್ದು ಯಾವ ವಿಮರ್ಶಕರೂ ಅಲ್ಲ, ಹೋಟೆಲೊಂದರ ಕ್ಯಾಶ್ ಕೌಂಟರಿನಲ್ಲಿ ಕುಳಿತಿದ್ದ ಕುಂದಾಪುರದ ಕಡೆಯ ತರುಣ. ಊರಿನ ಸುದ್ದಿ ಓದದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಬಾಯಿಂದ ಬಾಯಿಗೆ ಹರಡಿದ ಇಂಥ ಉಪಾಯಗಳನ್ನು ಯಾರಾದರೂ ಅಂದೇ ಒಟ್ಟು ಮಾಡಿದ್ದರೆ ಅದೇ ಆ ಯಂತ್ರಗಳ ಬಗ್ಗೆ ಒಳ್ಳೆಯ ಕನ್ನಡ ವಿಮರ್ಶೆಯಾಗುತ್ತಿತ್ತು. ನಾವು ಆ ಉಪಾಯವನ್ನು ಹಿಂದೂ ಕಾಲನಿಯ ಅಮ್ಮನಿಗೆ ಮಾಡಿಕೊಟ್ಟೆವು. ಅಷ್ಟರಲ್ಲಿ ಗೃಹಪ್ರವೇಶ ಮುಗಿದಿತ್ತು.

ತಡವಾದರೂ ಬಂತಲ್ಲ, ಇನ್ನೇಕೆ ಹಳೆಯ ದೂರು ಎನ್ನುವವರಿದ್ದಾರೆ. ತಡ ಎಷ್ಟು ಎಂಬುದನ್ನು ಲೆಕ್ಕ ಹಾಕಬೇಕು. ಐಪ್ಯಾಡು, ಐಫೋನುಗಳಲ್ಲಿ ಹಿಂದಿ ಟೈಪು ಮಾಡುವ ಸ್ವಂತ ಕೀಲಿಮಣೆ 2011ರಲ್ಲೂ ಮರಾಠಿಯದು 2014ರಲ್ಲೂ ಬಂದವು. ಕನ್ನಡದ್ದು ಬಂದದ್ದು 2017ರಲ್ಲಿ. ಬೇರೆಯವರು ಮಾಡಿದ ಕೀಲಿಮಣೆ ಹಾಕಿಕೊಳ್ಳಲು 2014ರಿಂದ ಅವಕಾಶವಿತ್ತು ನಿಜ, ಅದನ್ನು ಹುಡುಕಿ ಹಾಕಿಕೊಂಡ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟಿದ್ದರು? ಐಪ್ಯಾಡು ಬಂದಾಗ ಎಂಟು ವರ್ಷದವಳಾಗಿದ್ದ ಹುಡುಗಿಗೆ ಕನ್ನಡ ಕೀಲಿಮಣೆ ಬಂದಾಗ ಹದಿನೈದು. ಕೈಗೆ ಅಭ್ಯಾಸ ಬೀಳುವ ವಯಸ್ಸೇ ಅದು. ಊರಿನಲ್ಲಿ ಬೆಳೆಯುವ ಮಗುವಿಗೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಶಾಲೆಯ ಗೋಡೆ ಎಲ್ಲವೂ ಕನ್ನಡ ಕಲಿಸುತ್ತವೆ. ದಾದರಿನ ಮಗುವಿಗೆ ಕನ್ನಡದ ಅಕ್ಷರ ಕಾಣುವುದು ಮನೆಯ ಕ್ಯಾಲೆಂಡರಿನಲ್ಲಿ, ತಂದೆ ತರಿಸುವ ಪತ್ರಿಕೆಯಲ್ಲಿ. ಆ ಏಳು ವರ್ಷ ಅದು ಅಜ್ಜಿಗೆ ಬರೆದ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರದಲ್ಲಿತ್ತು. ಅಜ್ಜಿಗೆ ಇಂಗ್ಲಿಷ್ ಅಕ್ಷರ ಬಾರದಿದ್ದರೆ ಬರೆದೂ ಇರಲಿಲ್ಲ. 366 ಮೆಗಾಹರ್ಟ್ಸ್ ಸಾಲದೆಂದು ಬರೆದವರಿಗೆ ಈ ನಷ್ಟವನ್ನು ಅಳೆಯುವ ಮಾಪಕ ಇರಲಿಲ್ಲ. ಇದ್ದದ್ದು ನಮ್ಮ ಬಳಿ, ನಾವು ತೆಗೆಯಲಿಲ್ಲ.

ಕೆಲವು ತಿಂಗಳ ಹಿಂದೆ ಅದೇ ಮನೆಗೆ ಹೊಸ ಟ್ಯಾಬ್ಲೆಟ್ ಬಂತು. ಅಮ್ಮ ತೀರಿಕೊಂಡು ವರ್ಷಗಳಾದವು. 2012ರಲ್ಲಿ ಏಳು ವರ್ಷದವನಾಗಿ ಮೋದಕ ತಿನ್ನುತ್ತ ಚೌಕಗಳನ್ನು ಎಣಿಸಿದ್ದ ಮೊಮ್ಮಗ ಈಗ ಕಾಲೇಜು ಮುಗಿಸುವ ಹೊತ್ತಿನವನು. ಕೊಳ್ಳುವ ಮೊದಲು ಅವನು ಎಷ್ಟೋ ವಿಮರ್ಶೆಗಳನ್ನು ಓದಿದ್ದ, ಕ್ಯಾಮೆರಾ, ಬ್ಯಾಟರಿ, ಪರದೆಯ ಹೊಳಪಿನ ಅಂಕಿಗಳು ಅವನಿಗೆ ಬಾಯಿಪಾಠ. ಕನ್ನಡ ಹೇಗಿದೆ ಎಂದು ಯಾರಾದರೂ ಬರೆದಿದ್ದಾರೆಯೇ ಎಂದು ಕೇಳಿದೆವು. “ಅದನ್ನು ಯಾರು ಬರೀತಾರೆ ಮಾಮ, ಎಲ್ಲದರಲ್ಲೂ ಇರ್ತದೆ ಈಗ” ಎಂದ.

ನಿಜ, ಇತ್ತು. ಮಾತನಾಡಿದರೆ ಕನ್ನಡದಲ್ಲಿ ಬರೆದುಕೊಳ್ಳುವ ಸೌಲಭ್ಯವನ್ನು ಗೂಗಲ್ 2017ರಲ್ಲೇ ಕೊಟ್ಟಿದೆ, ಅದು ಈಗ ಸಾಕಷ್ಟು ಪಳಗಿದೆ. ನಮ್ಮ ಒತ್ತಾಯಕ್ಕೆ ಅವನು ಉಡುಪಿಯ ದೊಡ್ಡಪ್ಪನಿಗೆ ಒಂದು ಪತ್ರವನ್ನು ಬಾಯಿಯಲ್ಲೇ ಹೇಳಿದ. ಅಪ್ಪನಿಗೆ ಕಣ್ಣಿನ ಆಪರೇಶನ್ ಆಗಿದೆ, ಚಿಂತೆ ಇಲ್ಲ, ಮೇ ತಿಂಗಳಲ್ಲಿ ಎಲ್ಲರೂ ಬರುತ್ತೇವೆ, ಹಲಸಿನ ಹಪ್ಪಳ ಮಾಡಿಟ್ಟಿರಿ. ಒಂದು ಚೌಕವೂ ಇಲ್ಲದೆ ನಾಲ್ಕು ಸಾಲು ಪರದೆಯ ಮೇಲೆ ಮೂಡಿದವು. ‘ಚಿಂತೆ’ಯ ಸೊನ್ನೆ ಕೂಡ ಜಾಗದಲ್ಲಿತ್ತು. ಹುಡುಗ ಅದನ್ನು ಒಂದು ಗಳಿಗೆ ನೋಡಿದ, ಬೆರಳಿಟ್ಟು ಮೊದಲ ಪದವನ್ನು ಓದಲು ಹೋಗಿ ನಿಂತ. ಆಮೇಲೆ ಟ್ಯಾಬ್ಲೆಟ್ಟನ್ನು ನಮ್ಮ ಕಡೆ ತಿರುಗಿಸಿ, “ಸರಿ ಉಂಟಾ ನೋಡಿ ಮಾಮ, ಕಳಿಸ್ತೇನೆ” ಎಂದ.